ಬರೆಯದೆ ಬಿಟ್ಟ ಜಾಗ

ಅವತ್ತು ಬೆಳಿಗ್ಗೆಯೂ ನನಗೆ ಎಚ್ಚರವಾದದ್ದು ಕೈಪಂಪಿನ ಸದ್ದಿಗೆ. ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಆರು ಮನೆಗಳಿಗೆ ಒಂದೇ ಪಂಪು. ಮೊದಲು ಕೊಡ ಇಟ್ಟವರಿಗೆ ತಿಳಿನೀರು, ಕೊನೆಗೆ ಬಂದವರಿಗೆ ತುಕ್ಕಿನ ಬಣ್ಣದ್ದು. ಪಕ್ಕದ ಮನೆಯ ಮಾಮಿ ತಮ್ಮ ಕೊಡದ ಹಿಂದೆಯೇ ನನ್ನದನ್ನೂ ಸಾಲಿಗೆ ಇಟ್ಟಿರುತ್ತಿದ್ದರು. ನಾಲ್ಕು ಕೊಡ ತುಂಬಿ, ಹಾಲಿನ ಬೂತಿನಿಂದ ಎರಡು ಬಾಟಲಿ ತಂದು, ಬಾಗಿಲಿಗೆ ನೀರು ಹಾಕಿ, ಫಿಲ್ಟರಿನಲ್ಲಿ ಪುಡಿ ಒತ್ತಿ ಬಿಸಿನೀರು ಸುರಿಯುವ ಹೊತ್ತಿಗೆ ಕಾರ್ಖಾನೆಯ ಸೈರನ್ನು ಕೂಗಿತು. ದಿನವೂ ಆ ಕೂಗಿಗೆ ನಮ್ಮವರು ಸೈಕಲ್ಲಿನ ಪಕ್ಕ ಇರಬೇಕು. ಅವತ್ತು ರಜೆ ಹಾಕಿದ್ದರು. ಗೋಕುಲಾಷ್ಟಮಿ.

ಅತ್ತೆ ಆಗಲೇ ಸ್ನಾನ ಮುಗಿಸಿ, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಚಕ್ಕುಲಿ ಹಿಟ್ಟು ಕಲೆಸುತ್ತಿದ್ದರು. ನನ್ನ ಪಾಲಿಗೆ ಸೀಡೈ ಉಂಡೆ ಕಟ್ಟುವ ಕೆಲಸ. ಸೀಡೈ ಮಾಡುವುದು ನಮ್ಮ ಕಡೆಯ ರೂಢಿಯಲ್ಲ. ಮದರಾಸಿಗೆ ಬಂದ ಮೇಲೆ ಅತ್ತೆ ಅದನ್ನು ಮಾಮಿಯಿಂದ ಕಲಿತಿದ್ದರು. ಗೋಲಿಯಷ್ಟು ಸಣ್ಣ ಉಂಡೆಗಳು, ಹಿಟ್ಟಿನಲ್ಲಿ ಒಂದು ಕಲ್ಲು ಉಳಿದರೂ ಎಣ್ಣೆಯಲ್ಲಿ ಸಿಡಿಯುತ್ತವೆ ಎಂದು ಅತ್ತೆಗೆ ಭಯ. ನಾನು ಉಂಡೆ ಕಟ್ಟುತ್ತ ನಡುಮನೆಯ ಗೋಡೆಯ ಕಡೆ ನೋಡುತ್ತಿದ್ದೆ. ಒಂದು ವಾರದಿಂದ ಅಲ್ಲಿ ಡ್ರಾಯಿಂಗ್ ಪಿನ್ನಿನ ನಾಲ್ಕು ತೂತುಗಳು ಮಾತ್ರ ಇದ್ದವು. ಅಲ್ಲಿದ್ದ ನನ್ನ ಚಿತ್ರ ಕಟ್ಟು ಹಾಕಿಸಲು ಅಂಗಡಿಗೆ ಹೋಗಿತ್ತು. ತಿಂಡಿ ಆದ ಮೇಲೆ ನಮ್ಮವರು ಹೋಗಿ ತರುವುದೆಂದು ಮಾತಾಗಿತ್ತು.

ಆ ಚಿತ್ರದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಓದಿದ್ದು ಚಿನ್ನದ ಗಣಿಯ ಊರಿನ ಒಂದು ಕಾನ್ವೆಂಟಿನಲ್ಲಿ. ಡ್ರಾಯಿಂಗ್ ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಸಿಸ್ಟರ್. ಅವರ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿ, ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಒಂದು ದಿನ ಮೇಜಿನ ಮೇಲೆ ಕುರ್ಚಿಯೊಂದನ್ನು ಇಡಿಸಿ, ಕುರ್ಚಿಯನ್ನು ಬರೆಯಬೇಡಿ, ಅದರ ಕಾಲುಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯನ್ನು ಬರೆಯಿರಿ ಎಂದರು. ನಾವೆಲ್ಲ ಕಿಸಕ್ಕೆಂದೆವು. ಆದರೆ ಬರೆಯುತ್ತ ಹೋದ ಹಾಗೆ ಕುರ್ಚಿಯ ಸುತ್ತಲಿನ ಜಾಗವೆಲ್ಲ ಕಪ್ಪಾಗಿ, ನಡುವೆ ಕುರ್ಚಿ ತಾನೇ ಬೆಳ್ಳಗೆ ಎದ್ದು ನಿಂತಿತು. ನಾನು ಮುಟ್ಟಿರಲೇ ಇಲ್ಲ. ಆದರೂ ಅದು ನಾನು ಅಲ್ಲಿಯವರೆಗೆ ಬರೆದಿದ್ದ ಎಲ್ಲ ಕುರ್ಚಿಗಳಿಗಿಂತ ಹೆಚ್ಚು ಕುರ್ಚಿಯಾಗಿತ್ತು. ಮುಟ್ಟದೆ ಬಿಟ್ಟದ್ದೂ ನೀನು ಬರೆದದ್ದೇ, ಅದನ್ನು ಕಾಯಬೇಕು ಎಂದು ಸಿಸ್ಟರ್ ನನ್ನ ಹಾಳೆಯನ್ನು ಎತ್ತಿ ಹಿಡಿದು ಹೇಳಿದ್ದರು.

ಮದುವೆಯಾಗಿ ಪೆರಂಬೂರಿಗೆ ಬಂದಾಗ ಆ ಪಾಠವನ್ನು ಮನೆಗೂ ಹಚ್ಚಲು ನೋಡಿದೆ. ನಡುಮನೆಯ ಒಂದು ಗೋಡೆ ತುಂಬ ಅತ್ತೆಯ ದೇವರ ಪಟಗಳು. ಇನ್ನೊಂದಕ್ಕೆ ಬೀರು ಒರಗಿತ್ತು, ಮೂರನೆಯದರಲ್ಲಿ ಕಿಟಕಿ. ಉಳಿದ ಒಂದು ಗೋಡೆಯನ್ನು ನಾನು ಕೇಳಿ ಪಡೆದೆ. ಅದರ ಮೇಲೆ ಏನೂ ಇರಬಾರದು, ಬುಡದಲ್ಲಿ ಒಂದು ಮೂಲೆಗೆ ಸರಿದಂತೆ ತಾಮ್ರದ ಹಳೆಯ ಹಂಡೆ ಮಾತ್ರ. ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳನ್ನು ಅಲ್ಲಿಗೆ ತಂದು ಓರೆಯಾಗಿ ಚೆಲ್ಲುತ್ತಿತ್ತು. ಸಂಜೆಯ ಹೊತ್ತಿಗೆ ಸರಳುಗಳು ಉದ್ದವಾಗಿ ಹಂಡೆಯ ಕಂಠಕ್ಕೆ ತಾಗುತ್ತಿದ್ದವು. ನನಗೆ ಅಷ್ಟು ಸಾಕಿತ್ತು. ಬಂದವರಿಗೆ ಸಾಕಾಗುತ್ತಿರಲಿಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಗೋಡೆ ಖಾಲಿಯಾಗಿದೆ ಎಂದರೆ ಒಂದೇ ಅರ್ಥ, ಪಟಗಳನ್ನು ಇಳಿಸಿ ಪೆಟ್ಟಿಗೆ ಕಟ್ಟುತ್ತಿದ್ದಾರೆ ಎಂದು. ಯಾರು ಬಂದರೂ ಕೂರುವ ಮುಂಚೆ ಗೋಡೆ ನೋಡಿ ಯಾವ ಊರಿಗೆ ಟ್ರಾನ್ಸ್‌ಫರ್ ಆಯಿತೆಂದು ಕೇಳುತ್ತಿದ್ದರು. ಅತ್ತೆಗೆ ಮುಜುಗರ. ಒಮ್ಮೆ ಮಾಮಿಗೆ ಹೇಳಿಯೇಬಿಟ್ಟರು:

"ಟ್ರಾನ್ಸ್‌ಫರ್ ಅಲ್ಲ ಮಾಮಿ, ನಮ್ಮ ಸೊಸೆ ಕಾನ್ವೆಂಟು. ಅವಳಿಗೆ ಗೋಡೆ ಉಸಿರಾಡಬೇಕಂತೆ."

ಮಾಮಿ ನಕ್ಕರು, ನಾನೂ ನಕ್ಕೆ. ಮಾಮಿ ದಿನವೂ ಮಧ್ಯಾಹ್ನ ನಮ್ಮಲ್ಲಿಗೆ ಬಂದು, ಅದೇ ಗೋಡೆಗೆ ಎದುರಾಗಿ ಕುಳಿತು, ರೇಡಿಯೋದಲ್ಲಿ ಬರುವ ತಮಿಳು ನಾಟಕ ಕೇಳಿಕೊಂಡು ಹೋಗುತ್ತಿದ್ದರು. ಅವರ ಮನೆಯ ರೇಡಿಯೋ ಗೊರಗೊರ ಎನ್ನುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ನಮಗೆ ಹೆಣ್ಣುಮಗು ಹುಟ್ಟಿತು. ಹನ್ನೊಂದು ತಿಂಗಳು ಇದ್ದಳು.

ವರ್ಷ ತುಂಬುವ ಮುಂಚೆ ಮಗುವಿನ ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಎಂಬುದು ಅತ್ತೆಯ ತವರಿನಿಂದ ಬಂದ ನಂಬಿಕೆ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಆದರೆ ವಾದಿಸಲೂ ಇಲ್ಲ. ಇನ್ನೆಷ್ಟು ದಿನ, ಹುಟ್ಟಿದ ಹಬ್ಬಕ್ಕೆ ಸ್ಟುಡಿಯೋಗೆ ಹೋದರಾಯಿತು ಎಂದುಕೊಂಡೆ. ಹಸಿರು ರೇಷ್ಮೆಯ ಚೂರಿನಲ್ಲಿ ಲಂಗವನ್ನೂ ಹೊಲಿದಿಟ್ಟಿದ್ದೆ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ವಾಂತಿಭೇದಿ ಶುರುವಾಯಿತು. ಮೂರನೆಯ ದಿನ ಎಲ್ಲ ಮುಗಿಯಿತು. ಅಷ್ಟು ಎಳೆಯ ಮಕ್ಕಳಿಗೆ ನಮ್ಮಲ್ಲಿ ಬೆಂಕಿಯಿಲ್ಲ, ತಿಥಿಯಿಲ್ಲ, ಮಣ್ಣು ಮಾತ್ರ. ತೊಟ್ಟಿಲು ನಾದಿನಿಯ ಮನೆಯಿಂದ ಬಂದದ್ದು, ಅವರಿಗೇ ವಾಪಸಾಯಿತು. ಬಟ್ಟೆಗಳನ್ನು ಅತ್ತೆ ಯಾರಿಗೋ ಕೊಟ್ಟುಬಿಟ್ಟರು. ನನ್ನ ಕಣ್ಣಿಗೆ ಬೀಳಬಾರದೆಂಬ ಕರುಣೆಯಿಂದಲೇ ಕೊಟ್ಟರು, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಪಂಪಿನಿಂದ ಬರುವಷ್ಟರಲ್ಲಿ ಮನೆ ಗುಡಿಸಿದಂತಾಗಿತ್ತು.

ಆಮೇಲಿನ ಆರು ತಿಂಗಳಲ್ಲಿ ನನಗೆ ಇನ್ನೊಂದು ಭಯ ಹಿಡಿಯಿತು. ಅವಳ ಮುಖ ನನ್ನೊಳಗೆ ಮಸುಕಾಗತೊಡಗಿತ್ತು. ಗಟ್ಟಿಯಾಗಿ ನೆನೆದಷ್ಟೂ ಜಾರುತ್ತಿತ್ತು. ಬರೆದಿಡೋಣವೆಂದು ಕುಳಿತರೆ, ಮೂಗು ಬರೆದರೆ ಯಾರದೋ ಮಗುವಿನ ಮೂಗು, ಕಣ್ಣು ಬರೆದರೆ ಪೌಡರ್ ಡಬ್ಬಿಯ ಮೇಲಿನ ಕಣ್ಣು. ಎಷ್ಟೋ ಹಾಳೆಗಳಾದ ಮೇಲೆ ಸಿಸ್ಟರ್ ಹೇಳಿದ್ದು ನೆನಪಾಯಿತು. ಅವಳು ನೆನಪಿಲ್ಲದಿದ್ದರೂ ಅವಳ ಸುತ್ತ ಇದ್ದದ್ದೆಲ್ಲ ನನಗೆ ಚೆನ್ನಾಗಿ ನೆನಪಿತ್ತು. ತೊಟ್ಟಿಲಿನ ಕಟಾಂಜನ, ಅದರ ಮೇಲೆ ಕೆತ್ತಿದ ಗಿಣಿಯ ಮುರಿದ ಕೊಕ್ಕು. ಹಿಂದೆ ಒಣಗುತ್ತಿದ್ದ ನನ್ನ ಸೀರೆ. ಕಿಟಕಿಯ ಸರಳು. ತಲೆಯ ಭಾರಕ್ಕೆ ತಗ್ಗಾದ ದಿಂಬು. ಇಂಡಿಯನ್ ಇಂಕಿನಲ್ಲಿ ಅವನ್ನೆಲ್ಲ ಬರೆದು, ನೆರಳು ತುಂಬಿ, ಅವಳು ಮಲಗಿದ್ದ ಜಾಗಕ್ಕೆ ಬಂದಾಗ ಕುಂಚವನ್ನು ನಿಲ್ಲಿಸಿದೆ.

ಏಳನೆಯ ಹಾಳೆಯಲ್ಲಿ ಅವಳು ಬಂದಳು. ಕಪ್ಪು ಎಲ್ಲಿ ನಿಂತಿತೋ ಅಲ್ಲಿಂದ ಅವಳ ಹಣೆ ಶುರುವಾಗುತ್ತಿತ್ತು. ಒಂದು ಕೈಯನ್ನು ಕಿವಿಯ ಮೇಲೆ ಮುಷ್ಟಿ ಕಟ್ಟಿಟ್ಟು ನಿದ್ದೆ ಮಾಡುವುದು ಅವಳ ಅಭ್ಯಾಸ. ಆ ಮುಷ್ಟಿಗೂ ಕಿವಿಗೂ ನಡುವೆ ಹುಣಸೆಬೀಜದಷ್ಟು ಕಪ್ಪು ಬಿದ್ದಿತು. ಆ ಒಂದು ಬೀಜದಷ್ಟು ಕಪ್ಪಿನಿಂದಲೇ ಬಿಳಿಯ ಹಾಳೆ ಮಗುವಾಗಿತ್ತು. ಉಳಿದ ಆರನ್ನೂ ನೀರೊಲೆಗೆ ಹಾಕಿದೆ. ಅವು ಅವಳಲ್ಲ.

ಅದನ್ನು ನನ್ನ ಗೋಡೆಗೆ, ನಾಲ್ಕು ಮೂಲೆಗೆ ನಾಲ್ಕು ಪಿನ್ನು ಒತ್ತಿ ಹಾಕಿದೆ. ಸುತ್ತ ಗೋಡೆಯ ಬಿಳುಪು, ಒಳಗೆ ಅವಳ ಬಿಳುಪು. ಅತ್ತೆ ನೋಡಿ, ಚೆನ್ನಾಗಿದೆ, ಯಾವಾಗ ಮುಗಿಸ್ತೀಯ ಎಂದರು. ಬಂದವರಲ್ಲಿ ಗಮನಿಸಿದವರೂ ಹೆಚ್ಚುಕಡಿಮೆ ಅದನ್ನೇ ಕೇಳಿದರು. ನಮ್ಮವರು ಮಾತ್ರ ಏನೂ ಕೇಳಲಿಲ್ಲ. ಭಾನುವಾರ ರೇಡಿಯೋದ ಧೂಳು ಒರೆಸುವಾಗ, ಸಡಿಲವಾದ ಪಿನ್ನುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತುತ್ತಿದ್ದರು, ಹಾಳೆ ಸೊಟ್ಟಗಾಗಿದ್ದರೆ ನೆಟ್ಟಗೆ ಮಾಡುತ್ತಿದ್ದರು. ಮಗು ಹೋದ ಮೇಲೆ ಅವಳ ಹೆಸರನ್ನು ನಾವಿಬ್ಬರೂ ಆಡಿರಲಿಲ್ಲ. ಆಡಿದರೆ ಯಾರು ಮೊದಲು ಕುಸಿಯುತ್ತೇವೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು. ಅದಕ್ಕೇ ಆ ಹೆಬ್ಬೆರಳನ್ನು ನಾನು ಮಾತೆಂದು ತಿಳಿದೆ. ಇವರಿಗೆ ಗೊತ್ತಿದೆ, ಇವರೂ ಅವಳನ್ನು ನೋಡುತ್ತಿದ್ದಾರೆ ಎಂದು. ಮೂರು ವರ್ಷ ನಾನು ಬದುಕಿದ್ದು ಹೆಚ್ಚಾಗಿ ಆ ಭಾನುವಾರಗಳ ಮೇಲೆ.

ಮೂರನೆಯ ವರ್ಷದ ಮಳೆಗೆ ಹಾಳೆಯ ಅಂಚು ಸುರುಳಿಯಾಯಿತು, ಒಂದು ಮೂಲೆಯನ್ನು ಬೆಳ್ಳಿಹುಳು ತಿಂದಿತು. ಗಾಜು ಹಾಕಿಸೋಣ, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಅವರೇ ಹೇಳಿದರು. ಸಣ್ಣ ಕಪ್ಪು ಕಟ್ಟು, ಸುತ್ತ ಅಗಲವಾಗಿ ಬಿಳಿ ರಟ್ಟು, ಬೇರೇನೂ ಬೇಡ ಎಂದೆ. ಪೇಪರಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋದರು.

ಗೋಕುಲಾಷ್ಟಮಿಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬಂದರು. ಮುಖದಲ್ಲಿ ಏನೋ ಮುಚ್ಚಿಟ್ಟುಕೊಂಡ ಸಂತೋಷ. ಅಮ್ಮನನ್ನೂ ಕರೆ ಎಂದರು. ಅತ್ತೆ ಎಣ್ಣೆಯ ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸುತ್ತ ಬಂದರು. ನಮ್ಮವರು ಹುರಿ ಬಿಚ್ಚಿ, ಪೇಪರು ತೆಗೆದು, ಚಿತ್ರವನ್ನು ಗೋಡೆಗೆ ಒರಗಿಸಿದರು.

ತೊಟ್ಟಿಲಿನಲ್ಲಿ ಬಾಲಕೃಷ್ಣ ಮಲಗಿದ್ದ.

ನೀಲಿ ಮೈ, ಚಿನ್ನದ ರೇಕಿನ ಕಿರೀಟ, ಕೊರಳಿಗೆ ಬಣ್ಣದ ಕಲ್ಲುಗಳು. ನಮ್ಮ ಕಡೆಗೇ ತೆರೆದ ದೊಡ್ಡ ಕಣ್ಣುಗಳು. ನನ್ನ ಗಿಣಿಯ ಮುರಿದ ಕೊಕ್ಕು ಹಾಗೇ ಇತ್ತು. ಸೀರೆ, ಸರಳು, ದಿಂಬಿನ ತಗ್ಗು ಎಲ್ಲ ಹಾಗೇ ಇದ್ದವು. ಬರೆದವರ ಕೈ ಎಷ್ಟು ಪಳಗಿದ್ದೆಂದರೆ, ನನ್ನ ಕಪ್ಪಿನ ಮೇಲೆ ಒಂದು ಹನಿ ಚೆಲ್ಲಿರಲಿಲ್ಲ. ನನ್ನ ಕಪ್ಪು ನಿಂತಲ್ಲಿಯೇ ಅವರ ನೀಲಿ ಶುರುವಾಗಿತ್ತು. ನಾನು ಅಷ್ಟು ಜತನವಾಗಿ ಹಿಡಿದಿದ್ದ ಅಂಚೇ ಅವರಿಗೆ ದಾರಿ ತೋರಿಸಿತ್ತು. ಮುಷ್ಟಿಗೂ ಕಿವಿಗೂ ನಡುವಿನ ಆ ಹುಣಸೆಬೀಜವನ್ನು ಹುಡುಕಿದೆ. ಅಲ್ಲೊಂದನ್ನು ಮಾತ್ರ ಅವರು ಮುಚ್ಚಿದ್ದರು. ಕಿವಿಯ ಓಲೆಗೆಂದು ಕೆಂಪು ಕಲ್ಲು ಕೂರಿಸಿದ್ದರು.

ಅತ್ತೆ ಎರಡೂ ಕೈ ಕೆನ್ನೆಗೆ ಬಡಿದುಕೊಂಡರು. ಅವರ ಕಣ್ಣಲ್ಲಿ ನೀರು. ಹಬ್ಬದ ದಿನವೇ ತಾನಾಗಿ ಬಂದನಲ್ಲ ಎಂದು ಒಳಗೋಡಿ ಕುಂಕುಮ ತಂದು ಗಾಜಿನ ಮೇಲೆ ಹಣೆಯ ಜಾಗಕ್ಕೆ ಇಟ್ಟುಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅದು ಪಟವಾಗಿತ್ತು. ಪಟವಾದ ಮೇಲೆ ಅದನ್ನು ಕೆರೆಯುವಂತಿಲ್ಲ, ತೊಳೆಯುವಂತಿಲ್ಲ, ಸರಿಪಡಿಸುವಂತಿಲ್ಲ.

ಕಟ್ಟು ಹಾಕುವ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಚಿತ್ರಗಾರರಿದ್ದರಂತೆ. ಸತ್ತವರ ಫೋಟೋಗಳಿಗೆ ಕೋಟು ತೊಡಿಸುವುದು, ದೇವರ ಪಟಕ್ಕೆ ಚಿನ್ನದ ರೇಕು ಕೂರಿಸುವುದು ಅವರ ಕೆಲಸ. ಮನೆಗಳಲ್ಲಿ ಪಟ ಬರೆಯುವ ಹೆಂಗಸರು ಸುತ್ತಲಿನದನ್ನೆಲ್ಲ ತಾವು ಬರೆದು, ದೇವರನ್ನು ಮಾತ್ರ ಅವರ ಕೈಗೆ ಬಿಡುವುದು ವಾಡಿಕೆ. ಕಲಿಯುವವರು ದೇವರ ಕಣ್ಣು ತೆರೆಯಿಸಬಾರದಂತೆ. ನನ್ನ ಹಾಳೆಯಲ್ಲಿ ತೊಟ್ಟಿಲು ಕಂಡಿತು, ಒಳಗೆ ಬಿಟ್ಟ ಜಾಗ ಕಂಡಿತು, ಹಬ್ಬ ಹತ್ತಿರವಿತ್ತು. ಅವರಿಗೆ ಯಾವ ಅನುಮಾನವೂ ಬರಲಿಲ್ಲ. ಮನೆಯಮ್ಮನಿಗೆ ಪದ್ಧತಿ ಗೊತ್ತಿದೆ, ಎಷ್ಟು ಅಚ್ಚುಕಟ್ಟಾಗಿ ಜಾಗ ಬಿಟ್ಟಿದ್ದಾರೆ ಎಂದು ನನ್ನನ್ನು ಹೊಗಳಿದರಂತೆ. ಕಣ್ಣು ಬರೆಯುವ ದಿನ ತಲೆಗೆ ನೀರು ಹಾಕಿಕೊಂಡು, ಬರೆದು ಮುಗಿಯುವ ತನಕ ಏನೂ ತಿಂದಿರಲಿಲ್ಲವಂತೆ. ನಮ್ಮವರು ಇದನ್ನೆಲ್ಲ ಅಡುಗೆಮನೆಯ ಬಾಗಿಲಿಗೆ ಒರಗಿ, ಕಾಫಿ ಲೋಟ ಹಿಡಿದು, ಸಡಗರದಿಂದ ಹೇಳಿದರು. ನಾನು ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದೆ. ಉಪವಾಸವಿದ್ದು ಬರೆದ ಮುದುಕರ ಮೇಲೆಯೇ?

ಅತ್ತೆ ದೇವರ ಗೂಡಿನ ಹತ್ತಿರ ಇದ್ದರು. ನಾನು ದನಿ ತಗ್ಗಿಸಿ ಕೇಳಿದೆ.

"ತೊಟ್ಟಿಲಲ್ಲಿ ಯಾರಿದ್ರು ಅಂತ ನಿಮಗೆ ಗೊತ್ತಿರ್ಲಿಲ್ವಾ?"

ಅವರು ಲೋಟದಿಂದ ಮುಖ ಎತ್ತಿದರು. ನಿಜವಾಗಿಯೂ ಅರ್ಥವಾಗದ ಮುಖ.

"ಯಾರೂ ಇರ್ಲಿಲ್ವಲ್ಲೇ. ಖಾಲಿ ಇತ್ತು."

ನಡುಮನೆಯ ಕಡೆ ಒಮ್ಮೆ ನೋಡಿ, "ಯಾಕೆ, ಚೆನ್ನಾಗಿಲ್ವಾ?" ಎಂದರು.

ಹಾಗಾದರೆ ಆ ಭಾನುವಾರಗಳಲ್ಲಿ ಅವರು ಒತ್ತುತ್ತಿದ್ದದ್ದು ಬರೀ ಪಿನ್ನುಗಳನ್ನು.

ಹೇಳಿಬಿಡಬಹುದಿತ್ತು. ನಾಲಗೆಯ ತುದಿಗೆ ಅವಳ ಹೆಸರೂ ಬಂದಿತ್ತು. ಆದರೆ ಹೇಳಿದ ಕ್ಷಣ, ಅವಳನ್ನು ಪೇಪರಿನಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋದದ್ದು ಇವರ ಕೈಯೇ ಎಂದು ಇವರಿಗೆ ಗೊತ್ತಾಗುತ್ತಿತ್ತು. ಮೊದಲ ಸಲ ಅವಳನ್ನು ಹೊತ್ತುಕೊಂಡು ಹೋದದ್ದೂ ಇದೇ ಕೈ. ಎರಡನೆಯ ಸಲದ ಭಾರವನ್ನೂ ಆ ಕೈಗೆ ಹೇಗೆ ಕೊಡಲಿ? ಅಥವಾ ಅದು ನೆಪವೇ ಇರಬಹುದು. ಮೂರು ವರ್ಷ ಒಂದೇ ಮನೆಯಲ್ಲಿ ಒಬ್ಬಳೇ ಇದ್ದೆ ಎಂಬುದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ನನಗೆ ಧೈರ್ಯವಿರಲಿಲ್ಲವೇನೋ.

ಚೆನ್ನಾಗಿದೆ ಎಂದೆ. ಅವರು ಸಮಾಧಾನದಿಂದ ಲೋಟ ಇಟ್ಟು ಮೊಳೆ ಹುಡುಕಲು ಹೋದರು.

ಮಧ್ಯಾಹ್ನ ಮೂರರ ಮೇಲೆ ಅತ್ತೆ ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಬಾಗಿಲಿನಿಂದ ದೇವರ ತನಕ ಪುಟ್ಟ ಹೆಜ್ಜೆಗಳನ್ನು ಹಾಕಬೇಕು, ಕೃಷ್ಣ ನಡೆದು ಒಳಗೆ ಬಂದ ಗುರುತಾಗಿ. ಪ್ರತಿ ವರ್ಷ ಹೆಜ್ಜೆಗಳು ದೇವರ ಗೂಡಿಗೆ ಹೋಗುತ್ತಿದ್ದವು. ಈ ಸಲ ಆ ಗೋಡೆಗೆ ಹೋಗಲಿ ಎಂದರು ಅತ್ತೆ. ಮುಷ್ಟಿಯ ಮಗ್ಗುಲನ್ನು ಹಿಟ್ಟಿನಲ್ಲಿ ಅದ್ದಿ ನೆಲಕ್ಕೊತ್ತಿದರೆ ಪಾದ, ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕಾಲ್ಬೆರಳು. ಬಲ, ಎಡ, ಬಲ. ನಾನು ಹೊಸ್ತಿಲಿನಿಂದ ಮೊಣಕಾಲೂರಿ ಹಿಂದೆ ಹಿಂದೆ ಸರಿಯುತ್ತ ಬಂದೆ. ನಮ್ಮ ಮಗು ನಡೆದಿರಲಿಲ್ಲ. ಕುರ್ಚಿಯ ಕಾಲು ಹಿಡಿದು ನಿಲ್ಲುವಷ್ಟು ಮಾತ್ರ ಆಗಿತ್ತು. ಗೋಡೆಗೆ ಎರಡು ಗೇಣು ಇರುವಾಗ ನನ್ನ ಕೈ ನಿಂತಿತು.

"ಇನ್ನೂ ಹತ್ತಿರಕ್ಕೆ ಬರ್ಲಿ ಕಣಮ್ಮ, ಅಲ್ಲೇ ಯಾಕೆ ನಿಲ್ಲಿಸ್ತೀಯ?" ಅತ್ತೆ ಬತ್ತಿ ಹೊಸೆಯುತ್ತ ಹೇಳಿದರು.

ಇನ್ನೆರಡು ಒತ್ತಿದೆ.

ಆಮೇಲೆ ಎಷ್ಟು ಸಲ ಹೊಸ ಹಾಳೆ ಹಿಡಿದು ಕುಳಿತೆನೋ ಲೆಕ್ಕವಿಲ್ಲ. ಸೀರೆ ಬರುತ್ತದೆ, ಸರಳು ಬರುತ್ತದೆ, ಗಿಣಿ ಬರುತ್ತದೆ. ನಡುವಿನ ಬಿಳುಪಿಗೆ ಬಂದರೆ ಕುಂಚ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿದರೆ ನೀಲಿ ಮುಖ ಬಂದು ಆ ಜಾಗದಲ್ಲಿ ಮಲಗುತ್ತದೆ. ನನ್ನ ಮಗುವಿನ ಮುಖವೆಂದು ಇವತ್ತು ನನ್ನ ಹತ್ತಿರ ಇರುವುದು ಅದೊಂದೇ, ಅಂಗಡಿಯ ಮುದುಕರು ಕೊಟ್ಟದ್ದು. ಪೂಜೆಗೆ ಕೂತಾಗಲೆಲ್ಲ ನಾನು ದೇವರಿಗೆ ಕೈ ಮುಗಿಯುತ್ತಿದ್ದೇನೋ, ಅಥವಾ ಅವನು ಮುಚ್ಚಿಕೊಂಡಿರುವವಳಿಗೋ, ಹೇಳಲಾರೆ. ಹೆಚ್ಚಿನ ದಿನ ಯಾರಿಗೂ ಮುಗಿಯುವುದಿಲ್ಲ, ಸುಮ್ಮನೆ ಕೈ ಜೋಡಿಸಿರುತ್ತೇನೆ.

ಆ ಸಂಜೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಕುಂಕುಮಕ್ಕೆ ಬಂದರು. ಪಟ ಎಲ್ಲರಿಗೂ ಮೆಚ್ಚುಗೆಯಾಯಿತು. ಟ್ರಾನ್ಸ್‌ಫರಿನ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಪಕ್ಕದ ಮನೆಯ ಮಾಮಿ ಬಂದರು, ಮಡಿ ಸೀರೆ, ತಲೆಯಲ್ಲಿ ಬಗೆಬಗೆಯ ಹೂ ಸೇರಿಸಿ ಕಟ್ಟಿದ ಕದಂಬದ ಮಾಲೆ. ಮೂರು ವರ್ಷ ದಿನವೂ ಮಧ್ಯಾಹ್ನ ಕೂತ ಜಾಗದಲ್ಲೇ ಕೂತು, ಎದುರಿಗಿದ್ದ ಪಟವನ್ನು ಕಣ್ತುಂಬ ನೋಡಿದರು. ರೊಂಬ ಲಕ್ಷಣ, ಕಣ್ಣು ನಮ್ಮನ್ನೇ ನೋಡುತ್ತೆ ಎಂದರು. ನಾನು ಕುಂಕುಮ ಕೊಟ್ಟು, ಸೀಡೈ ತಟ್ಟೆ ಮುಂದಿಟ್ಟೆ. ಒಂದನ್ನು ಬಾಯಿಗೆ ಹಾಕಿ ಕಟುಂ ಎನಿಸಿ, ಈ ಸಲ ಹದ ಬಂದಿದೆ ಎಂದು ಅತ್ತೆಗೆ ಕೂಗಿ ಹೇಳಿದರು. ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಳ್ಳುತ್ತ, ಎದ್ದು ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿ ಕೇಳಿದರು:

"ಹೌದೂ, ಮುಂಚೆ ಇಲ್ಲಿ ಏನ್ ಹಾಕಿದ್ರಿ, ಕ್ಯಾಲೆಂಡರಾ?"